ರಾತ್ರೋರಾತ್ರಿ ಅಡಿಕೆ ಸಸಿ ಕಡಿದಿದ್ದಾರೆ, ಪೊಲೀಸರು ‘ಸಿವಿಲ್ ಮ್ಯಾಟರ್’ ಅನ್ನುತ್ತಿದ್ದಾರೆ: ಏನು ಮಾಡಲಿ?

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ರೈತ. ಎರಡು ವರ್ಷದ ಹಿಂದೆ ಹಾಕಿದ್ದ ಅಡಿಕೆ ತೋಟಕ್ಕೆ ಕಳೆದ ವಾರ ರಾತ್ರಿ ನುಗ್ಗಿ 140 ಸಸಿ ಕಡಿದು ಹಾಕಿದ್ದಾರೆ. ಡ್ರಿಪ್ ಪೈಪನ್ನು ಅಲ್ಲಲ್ಲಿ ಕೊಯ್ದಿದ್ದಾರೆ. ಸರ್ವೆಯವರು ನೆಟ್ಟಿದ್ದ ಬಾಂದು ಕಲ್ಲನ್ನೂ ಕಿತ್ತೆಸೆದಿದ್ದಾರೆ. ಪಕ್ಕದ ಜಮೀನು ನನ್ನ ದೊಡ್ಡಪ್ಪನ ಮಗನದು. ಪಾಲಾಗಿ ವರ್ಷಗಳಾದವು, ಪಾಲುಪಟ್ಟಿ ನೋಂದಣಿಯಾಗಿದೆ, ಪಹಣಿ ನನ್ನ ಹೆಸರಲ್ಲಿದೆ. ಆದರೂ ಬದುವಿನ ಪಕ್ಕದ ಸಾಲುಗಳು ತನಗೇ ಬರಬೇಕು ಎಂದು ತಕರಾರು ತೆಗೆಯುತ್ತಲೇ ಇದ್ದಾನೆ. ಹಿಂದಿನ ದಿನ ಹೋಟೆಲ್ ಮುಂದೆ ನಾಲ್ಕು ಜನರ ಎದುರಿಗೆ ‘ತೋಟ ಹೆಂಗೆ ಎಬ್ಬಿಸ್ತೀಯೋ ನೋಡ್ತೀನಿ’ ಅಂದಿದ್ದ. ಕಡಿದದ್ದನ್ನು ಕಣ್ಣಾರೆ ಕಂಡವರಿಲ್ಲ. ಠಾಣೆಗೆ ಅರ್ಜಿ ಕೊಟ್ಟೆ. ‘ಸಿವಿಲ್ ಸ್ವರೂಪದ್ದು’ ಎಂದು ಹಿಂಬರಹ ಕೊಟ್ಟು ಕಳಿಸಿದರು. ಇದು ಅಪರಾಧ ಅಲ್ಲವೇ? ಅವನಿಗೆ ಶಿಕ್ಷೆ, ನನಗೆ ಪರಿಹಾರ ಸಿಗುತ್ತದೆಯೇ? ಮಳೆ ಹಿಡಿಯುವುದರೊಳಗೆ ಬೇರೆ ಸಸಿ ನೆಡಬಹುದೇ?

ಉತ್ತರ: ಅಪರಾಧವೇ. ಅದರಲ್ಲಿ ಅನುಮಾನ ಬೇಡ. ಬೇರೆಯವರಿಗೆ ನಷ್ಟವಾಗಲಿ ಎಂಬ ಉದ್ದೇಶದಿಂದ, ಅಥವಾ ನಷ್ಟವಾಗುತ್ತದೆ ಎಂದು ಗೊತ್ತಿದ್ದೂ, ಒಂದು ಸ್ವತ್ತನ್ನು ನಾಶ ಮಾಡುವುದು, ಇಲ್ಲವೇ ಅದರ ಬೆಲೆ ಅಥವಾ ಉಪಯೋಗ ತಗ್ಗುವಂತೆ ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಪ್ರಕಾರ ಅಪರಾಧ. ಕೋರ್ಟಿನಲ್ಲಿ ಎಲ್ಲರೂ ಇದನ್ನು ‘ಮಿಸ್ಚೀಫ್’ ಎಂದೇ ಕರೆಯುತ್ತಾರೆ. ಹಳೆಯ ಐಪಿಸಿಯಲ್ಲಿ ಇದು 425ರಿಂದ 440ರವರೆಗೆ ಹರಡಿಕೊಂಡಿತ್ತು. 2024ರ ಜುಲೈ 1ಕ್ಕೆ ಮೊದಲು ನಡೆದ ಘಟನೆಗಳಿಗೆ ಈಗಲೂ ಐಪಿಸಿಯೇ. ನಿಮ್ಮದು ಕಳೆದ ವಾರದ್ದು, ಆದ್ದರಿಂದ ಹೊಸ ಸಂಹಿತೆ.

ಹಾಗಿದ್ದರೆ ಠಾಣೆಯವರು ಯಾಕೆ ಹಿಂಬರಹ ಕೊಟ್ಟರು? ನೀವು ಕಳಿಸಿದ ಅರ್ಜಿಯ ನಕಲು ಓದಿದೆ. ಕಾರಣದ ಅರ್ಧ ಪಾಲು ಅದರಲ್ಲೇ ಇದೆ. ‘ನಮಗೂ ನಮ್ಮ ದಾಯಾದಿಗಳಿಗೂ ಬಹಳ ವರ್ಷಗಳಿಂದ ಜಮೀನಿನ ವಿಚಾರದಲ್ಲಿ ತಕರಾರು ಇದ್ದು’ ಎಂದು ಶುರುವಾಗಿ, ಅಜ್ಜನ ಕಾಲದ ಪಾಲು, ಪಂಚಾಯ್ತಿ, ಬದುವಿನ ಜಗಳ ಎಂದು ಒಂದೂವರೆ ಪುಟ ಹೋಗುತ್ತದೆ. ಸಸಿ ಕಡಿದ ಸಂಗತಿ ಕೊನೆಯ ನಾಲ್ಕು ಸಾಲಿನಲ್ಲಿದೆ. ಪೈಪು ಕೊಯ್ದದ್ದು ‘ಇತ್ಯಾದಿ’ಯೊಳಗೆ ಸೇರಿಹೋಗಿದೆ. ಎಷ್ಟು ನಷ್ಟ ಎಂಬ ಅಂಕಿಯೇ ಇಲ್ಲ. ಇಂಥ ಅರ್ಜಿ ಕೈಗೆ ಸಿಕ್ಕರೆ ‘ಸಕ್ಷಮ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳತಕ್ಕದ್ದು’ ಎಂದು ಬರೆದು ಕೈ ತೊಳೆದುಕೊಳ್ಳುವುದು ಯಾವ ಪಿಎಸ್‌ಐಗೂ ಸುಲಭ.

ಇನ್ನರ್ಧ ಕಾರಣ ಕಾನೂನಿನದು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಿಮ್ಮ ಕೇಸು ಏಳುವುದೂ ಬೀಳುವುದೂ ಇಲ್ಲಿಯೇ.

ಅಪರಾಧಗಳಲ್ಲಿ ಎರಡು ಜಾತಿ. ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ತನಿಖೆ ನಡೆಸಬಹುದಾದವು ಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಗೆ ಕೈ ಹಾಕುವಂತಿಲ್ಲದವು ಅಸಂಜ್ಞೇಯ. ಠಾಣೆಯಲ್ಲಿ ‘ಎನ್‌ಸಿ’ ಎನ್ನುವುದು ಇವನ್ನೇ. ಮಿಸ್ಚೀಫ್ ಯಾವ ಜಾತಿಗೆ ಸೇರುತ್ತದೆ ಎನ್ನುವುದು ನಷ್ಟದ ಮೊತ್ತದ ಮೇಲೆ ನಿಂತಿದೆ. 20 ಸಾವಿರ ರೂಪಾಯಿಗಿಂತ ಕಡಿಮೆ ನಷ್ಟಕ್ಕೆ 6 ತಿಂಗಳು ಅಥವಾ 1 ವರ್ಷದವರೆಗೆ ಶಿಕ್ಷೆ. ಈ ಎರಡರ ನಡುವಿನ ಗೆರೆಯನ್ನು ಕಾನೂನು ಬರೆದವರೇ ಚೆನ್ನಾಗಿ ಎಳೆದಿಲ್ಲ, ನಿಮಗೆ ಅದರ ಗೊಡವೆಯೂ ಬೇಡ. 20 ಸಾವಿರದಿಂದ 1 ಲಕ್ಷದೊಳಗಿನ ನಷ್ಟಕ್ಕೆ 2 ವರ್ಷದವರೆಗೆ. ಇಷ್ಟೂ ಅಸಂಜ್ಞೇಯ. ನಷ್ಟ 1 ಲಕ್ಷ ಮುಟ್ಟಿದರೆ 324ರ 5ನೇ ಉಪಕಲಂ ಬರುತ್ತದೆ, 5 ವರ್ಷದವರೆಗೆ ಶಿಕ್ಷೆ, ಮತ್ತು ಅದು ಸಂಜ್ಞೇಯ. ಐಪಿಸಿಯಲ್ಲಿ 2 ವರ್ಷದ ಶಿಕ್ಷೆಗೆ 50 ರೂಪಾಯಿ ನಷ್ಟವಾದರೆ ಸಾಕಿತ್ತು. 1860ರಲ್ಲಿ ಬರೆದ ಆ 50 ರೂಪಾಯಿಯನ್ನು 2024ರವರೆಗೆ ಯಾರೂ ಮುಟ್ಟಲಿಲ್ಲ. ಈಗ ಒಮ್ಮೆಲೇ ಮೊತ್ತ ಏರಿದೆ. ಏರಿಸಿದ್ದು ಸರಿಯೇ, ಆದರೆ ಸಣ್ಣ ರೈತನ ಹತ್ತು ಗುಂಟೆಯ ನಷ್ಟವನ್ನು ಕಡಿಮೆ ಅಂದಾಜಿಸಿ ‘ಎನ್‌ಸಿ’ ಮಾಡುವುದಕ್ಕೂ ದಾರಿ ಸಲೀಸಾಗಿದೆ ಎಂದು ನನ್ನ ಅಭಿಪ್ರಾಯ.

ಅದಕ್ಕೇ ನಾನು ಸಸಿಗಿಂತ ಮೊದಲು ಪೈಪನ್ನು ನೋಡುವುದು. ಸಂಹಿತೆಯ 326ನೇ ಕಲಮಿನ ಮೊದಲ ಬಾಬು ಹೇಳುವುದು ಇಷ್ಟು: ಕೃಷಿಗೆ, ಜನರ ಅಥವಾ ಸಾಕುಪ್ರಾಣಿಗಳ ಊಟ-ನೀರಿಗೆ ಒದಗುವ ನೀರು ಕಡಿಮೆಯಾಗುವಂತೆ ಮಾಡುವ ಹಾನಿಗೆ 5 ವರ್ಷದವರೆಗೆ ಶಿಕ್ಷೆ. ಇಲ್ಲಿ ಮೊತ್ತದ ಮಿತಿಯೇ ಇಲ್ಲ, ಮತ್ತು ಇದು ಸಂಜ್ಞೇಯ. ಕೆರೆಯ ತೂಬು, ಕಾಲುವೆಯ ಏರಿ ಒಡೆಯುವವರನ್ನು ಮನಸ್ಸಿನಲ್ಲಿಟ್ಟು ಹಿಂದಿನವರು ಬರೆದ ಕಲಂ ಇದು. ಆದರೆ ಅದರ ಮಾತುಗಳು ಕೊಳವೆಬಾವಿಯಿಂದ ಗಿಡದ ಬುಡಕ್ಕೆ ಹೋಗುವ ಡ್ರಿಪ್ ಲೈನಿಗೂ ಹೊಂದುತ್ತವೆ. ನೀವು ‘ಇತ್ಯಾದಿ’ಗೆ ತಳ್ಳಿದ್ದು ಇದನ್ನೇ!

ಎರಡನೆಯದು, ತೋಟದೊಳಕ್ಕೆ ಬಂದದ್ದು. ಇನ್ನೊಬ್ಬರ ಸ್ವಾಧೀನದಲ್ಲಿರುವ ಜಾಗಕ್ಕೆ ಅಪರಾಧ ಮಾಡುವ ಉದ್ದೇಶದಿಂದ ಕಾಲಿಡುವುದು 329ನೇ ಕಲಂ ಪ್ರಕಾರ ಅಪರಾಧಿಕ ಅತಿಕ್ರಮ ಪ್ರವೇಶ. ಶಿಕ್ಷೆ ಸಣ್ಣದು, 3 ತಿಂಗಳು ಇಲ್ಲವೇ 5 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಸಂಜ್ಞೇಯ. ಈ ಸಣ್ಣ ಕಲಂ ಯಾಕೆ ದೊಡ್ಡದಾಗುತ್ತದೆ ಎಂದರೆ, ತನಿಖೆ-ವಿಚಾರಣೆಯ ಕ್ರಮ ಹೇಳುವ, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮಿನ ಪ್ರಕಾರ ಒಂದೇ ಪ್ರಕರಣದಲ್ಲಿ ಒಂದಾದರೂ ಸಂಜ್ಞೇಯ ಅಪರಾಧವಿದ್ದರೆ ಇಡೀ ಪ್ರಕರಣವನ್ನೇ ಸಂಜ್ಞೇಯ ಎಂದು ಭಾವಿಸಬೇಕು. ಸಸಿಯ ಬೆಲೆ 1 ಲಕ್ಷ ಮುಟ್ಟಿತೋ ಇಲ್ಲವೋ ಎಂಬ ವಾದಕ್ಕೆ ಆಗ ಎಫ್‌ಐಆರ್ ತಡೆಯುವ ಬಲ ಉಳಿಯುವುದಿಲ್ಲ. ಇದರ ಜೊತೆಗೆ ಆಸ್ತಿ ನಾಶ ಮತ್ತು ನಷ್ಟ ತಡೆಗೆಂದೇ ನಮ್ಮ ರಾಜ್ಯದ 1981ರ ಕಾಯ್ದೆಯೊಂದಿದೆ. ಸಾರ್ವಜನಿಕ ಆಸ್ತಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಸಾರ್ವಜನಿಕ ಆಸ್ತಿಗೆ ಕೇಂದ್ರದ 1984ರ ಕಾಯ್ದೆ ಬೇರೆಯೇ ಇದೆ. ರಾಜ್ಯದ್ದನ್ನು ಎಫ್‌ಐಆರ್‌ಗೆ ಸೇರಿಸುವಂತೆ ನಿಮ್ಮ ವಕೀಲರ ಮೂಲಕ ಕೇಳಿ.

ಈಗ ಅರ್ಜಿಯನ್ನು ಹೊಸದಾಗಿ ಬರೆಯಿರಿ. ಅಜ್ಜನ ಕಾಲದ ಕಥೆ ಬಿಡಿ. ಮೊದಲ ಸಾಲಿನಲ್ಲೇ ಸರ್ವೆ ನಂಬರು, ವಿಸ್ತೀರ್ಣ, ‘ನನ್ನ ಸ್ವಾಧೀನದಲ್ಲಿರುವ ತೋಟ’ ಎಂಬ ಮಾತು ಬರಲಿ. ನಂತರ ಹೀಗೆ: ‘ಇಂಥ ದಿನ ಸಂಜೆ ಇಷ್ಟು ಗಂಟೆಗೆ ನಾನು ತೋಟದಿಂದ ಮನೆಗೆ ಬಂದಾಗ ಸಸಿಗಳು ಸರಿಯಾಗಿದ್ದವು. ಮರುದಿನ ಬೆಳಗ್ಗೆ ಇಷ್ಟು ಗಂಟೆಗೆ ಹೋಗಿ ನೋಡಲಾಗಿ, ರಾತ್ರಿ ಯಾರೋ ನನ್ನ ತೋಟಕ್ಕೆ ಅಕ್ರಮವಾಗಿ ಪ್ರವೇಶಿಸಿ, ಎರಡು ವರ್ಷ ವಯಸ್ಸಿನ 140 ಅಡಿಕೆ ಸಸಿಗಳನ್ನು ಬುಡದಿಂದ ಇಷ್ಟು ಎತ್ತರದಲ್ಲಿ ಹರಿತವಾದ ಆಯುಧದಿಂದ ಕಡಿದಿದ್ದು, ಡ್ರಿಪ್ ಪೈಪನ್ನು ಇಷ್ಟು ಕಡೆ ತುಂಡರಿಸಿ ಉಳಿದ ಗಿಡಗಳಿಗೂ ನೀರು ಹೋಗದಂತೆ ಮಾಡಿರುತ್ತಾರೆ. ಸರ್ವೆ ಇಲಾಖೆಯವರು ನೆಟ್ಟಿದ್ದ ಬಾಂದು ಕಲ್ಲನ್ನು ಕಿತ್ತಿರುತ್ತಾರೆ. ನನಗಾದ ನಷ್ಟ ಸುಮಾರು ಇಷ್ಟು ರೂಪಾಯಿ.’ ಕಲ್ಲಿನ ವಿಷಯ ಮರೆಯಬೇಡಿ, ಸರ್ಕಾರಿ ನೌಕರರು ಅಧಿಕಾರದಿಂದ ನೆಟ್ಟ ಗಡಿಗುರುತನ್ನು ನಾಶ ಮಾಡುವುದಕ್ಕೆ 326ರಲ್ಲೇ 1 ವರ್ಷದವರೆಗಿನ ಶಿಕ್ಷೆ ಪ್ರತ್ಯೇಕವಾಗಿದೆ.

ನಿಮ್ಮ ದೊಡ್ಡಪ್ಪನ ಮಗನ ಹೆಸರು? ಬರೆಯಿರಿ, ಆದರೆ ‘ಅವನೇ ಕಡಿದ’ ಎಂದು ಬರೆಯಬೇಡಿ, ನೀವು ಕಂಡಿಲ್ಲ. ‘ಇಂಥ ದಿನ, ಇಂಥ ಹೋಟೆಲ್ ಮುಂದೆ, ಇಂಥವರ ಸಮಕ್ಷಮ ಹೀಗೆಂದಿದ್ದರಿಂದ ಅವನ ಮೇಲೆ ಅನುಮಾನವಿದೆ’ ಎನ್ನಿ. ಅವನಾಡಿದ ಮಾತನ್ನು ಅವನದೇ ಭಾಷೆಯಲ್ಲಿ ಬರೆಯಿರಿ. ಠಾಣೆಯ ಬರಹಗಾರರು ಅದನ್ನು ‘ಅವಾಚ್ಯ ಶಬ್ದಗಳಿಂದ ನಿಂದಿಸಿ ಪ್ರಾಣ ಬೆದರಿಕೆ ಹಾಕಿರುತ್ತಾರೆ’ ಎಂಬ ಅಚ್ಚಿಗೆ ಹೊಯ್ಯಲು ನೋಡುತ್ತಾರೆ, ಬಿಡಬೇಡಿ. ಆ ಅಚ್ಚಿನ ಸಾಲು ಎಲ್ಲ ದೂರಿನಲ್ಲೂ ಇರುವುದರಿಂದ ಕೋರ್ಟಿನಲ್ಲಿ ಅದಕ್ಕೆ ತೂಕವಿಲ್ಲ. ‘ತೋಟ ಹೆಂಗೆ ಎಬ್ಬಿಸ್ತೀಯೋ ನೋಡ್ತೀನಿ’ ಎಂಬುದಕ್ಕೆ ಇದೆ. ಸುಳ್ಳೆಂದು ಗೊತ್ತಿದ್ದೂ ಒಬ್ಬರ ಮೇಲೆ ಅಪರಾಧ ಹೊರಿಸಿದರೆ ಅದೇ ಒಂದು ಅಪರಾಧ ಎನ್ನುವುದೂ ನೆನಪಿರಲಿ. ಅನುಮಾನವನ್ನು ಅನುಮಾನ ಎಂದೇ ಬರೆದವರಿಗೆ ಆ ಭಯವಿಲ್ಲ.

ನಷ್ಟದ ಲೆಕ್ಕದಲ್ಲಿ ಹೆಚ್ಚಿನವರು ಎರಡು ತುದಿಗೆ ಹೋಗುತ್ತಾರೆ. ಒಬ್ಬರು ನರ್ಸರಿಯ ಸಸಿಯ ದರವನ್ನು 140ರಿಂದ ಗುಣಿಸಿ ಅಷ್ಟೇ ಬರೆಯುತ್ತಾರೆ. ಇನ್ನೊಬ್ಬರು ಅಡಿಕೆಯ ಮುಂದಿನ ಮೂವತ್ತು ವರ್ಷದ ಇಳುವರಿ ಹಿಡಿದು ಕೋಟಿ ಬರೆಯುತ್ತಾರೆ. ಎರಡೂ ನಿಲ್ಲುವುದಿಲ್ಲ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಗಿಡ ಹಿಡಿಸುತ್ತವೆ, ಅಂದರೆ 140 ಗಿಡ ಎಂದರೆ ಸುಮಾರು ಹತ್ತು ಗುಂಟೆ. ಆ ಹತ್ತು ಗುಂಟೆಗೆ ಎರಡು ವರ್ಷದಲ್ಲಿ ಗುಂಡಿ ತೆಗೆಸಿದ್ದು, ಸಸಿ, ಕೊಟ್ಟಿಗೆ ಗೊಬ್ಬರ, ಆಳಿನ ಕೂಲಿ, ನೆರಳಿಗೆ ಹಾಕಿದ ಬಾಳೆ, ಡ್ರಿಪ್ಪಿನ ಪಾಲು, ಔಷಧಿ ಎಲ್ಲ ಸೇರಿ ಎಷ್ಟಾಯಿತು? ಇದು ಒಂದು ಲೆಕ್ಕ. ಇವತ್ತಿನ ಮಾರುಕಟ್ಟೆಯಲ್ಲಿ ಅದೇ ವಯಸ್ಸಿನ ತೋಟ ಎಬ್ಬಿಸಲು ಎಷ್ಟು ಬೇಕು ಎನ್ನುವುದು ಇನ್ನೊಂದು. ಬಿಲ್ಲುಗಳಿದ್ದರೆ ಜೋಡಿಸಿ. ಇಲ್ಲದಿದ್ದರೂ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು, ಸ್ಥಳ ನೋಡಿ ಹಾನಿಯ ವರದಿ ಕೊಡುವಂತೆ ಕೇಳಿ. ಆ ವರದಿ ಹತ್ತು ಬಿಲ್ಲಿಗೆ ಸಮ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಅಡಿಕೆ ಎಂದು ದಾಖಲಾಗಿದೆಯೇ ನೋಡಿ, ಪಹಣಿಯ ಸಾಗುವಳಿ ಕಾಲಂ ಕೂಡ.

ಫೋಟೋ ತೆಗೆದಿದ್ದೀರಿ, ಒಳ್ಳೆಯದು. ಆದರೆ ನೀವು ಕಳಿಸಿದ ಹದಿನೈದೂ ಫೋಟೋಗಳು ಹತ್ತಿರದಿಂದ ತೆಗೆದವು, ಯಾವ ತೋಟದ್ದೂ ಆಗಬಹುದು. ಬದು, ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆ, ಹಿಂದಿನ ತೆಂಗಿನ ಸಾಲು ಕಾಣುವಂತೆ ದೂರದಿಂದ ಕೆಲವು ತೆಗೆಯಿರಿ. ತೆಗೆದ ಫೋನನ್ನು ಜೋಪಾನ ಮಾಡಿ. ವಾಟ್ಸಾಪ್‌ನಲ್ಲಿ ಬಂದ ಪ್ರತಿಯಲ್ಲ, ಫೋನಿನಲ್ಲಿರುವ ಮೂಲ ಕಡತ ಬೇಕು. ಕೋರ್ಟಿಗೆ ಅದನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಇರಬೇಕಾಗುತ್ತದೆ. ಊರ ಬಾಗಿಲಿನ ಅಂಗಡಿ, ಡೇರಿ, ಪೆಟ್ರೋಲ್ ಬಂಕ್ ಎಲ್ಲಾದರೂ ಕ್ಯಾಮೆರಾ ಇದ್ದರೆ ಇವತ್ತೇ ಹೋಗಿ ಕೇಳಿ. ಡಿವಿಆರ್‌ನಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತಾ ಹೋಗುತ್ತದೆ, ನಿಮಗೆ ಈಗಾಗಲೇ ಒಂದು ವಾರ ಕಳೆದಿದೆ.

ಅವನ ಕಡೆಯ ವಕೀಲರು ಏನು ಹೇಳುತ್ತಾರೆ ಎಂಬುದು ಗೊತ್ತೇ ಇದೆ: ‘ಆ ಜಾಗ ನಮ್ಮದು, ನಮ್ಮ ಜಾಗದಲ್ಲಿದ್ದ ಗಿಡ ತೆಗೆದರೆ ಅಪರಾಧ ಹೇಗೆ?’ ಈ ವಾದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರಾಮಾಣಿಕವಾಗಿ ತನ್ನದೆಂದು ನಂಬಿ ಮಾಡಿದ ಕೆಲಸದಲ್ಲಿ ಅಕ್ರಮ ನಷ್ಟದ ಉದ್ದೇಶವಿರುವುದಿಲ್ಲ, ಆಗ ಮಿಸ್ಚೀಫ್ ನಿಲ್ಲುವುದಿಲ್ಲ. ಗಡಿ ನಿಜಕ್ಕೂ ಗೊಂದಲದಲ್ಲಿರುವ ಎಷ್ಟೋ ಕೇಸುಗಳು ಈ ಒಂದೇ ಮಾತಿನ ಮೇಲೆ ಬಿಡುಗಡೆಯಾಗುತ್ತವೆ. ಆದರೆ ನಿಮ್ಮಲ್ಲಿ ಎರಡು ಸಂಗತಿಗಳು ಅದಕ್ಕೆ ಅಡ್ಡ ನಿಲ್ಲುತ್ತವೆ. ನೋಂದಾಯಿತ ಪಾಲುಪಟ್ಟಿಯೂ ಸರ್ವೆಯ ಕಲ್ಲೂ ಇದ್ದ ಮೇಲೆ ಗಡಿ ಗೊತ್ತಿರಲಿಲ್ಲ ಎನ್ನುವುದು ಕಷ್ಟ. ಆ ಕಲ್ಲನ್ನೇ ಕಿತ್ತದ್ದು ಇನ್ನೂ ಕಷ್ಟ. ತನ್ನದೆಂದು ನಂಬಿದವನು ಹಗಲು ಹೊತ್ತು, ನಾಲ್ಕು ಜನರನ್ನು ಕರೆದು ತೆಗೆಸುತ್ತಿದ್ದ, ಎರಡು ವರ್ಷ ಬೆಳೆಯಲು ಬಿಟ್ಟು ರಾತ್ರಿ ಬರುತ್ತಿರಲಿಲ್ಲ.

ಇದೆಲ್ಲ ಬಿದ್ದುಹೋಯಿತು, ಜಮೀನು ಜಂಟಿಯೇ ಎಂದು ಯಾವುದೋ ಹಂತದಲ್ಲಿ ತೀರ್ಮಾನವಾಯಿತು ಎನ್ನೋಣ. ಆಗಲೂ ಅವನಿಗೆ ಪೂರ್ತಿ ರಕ್ಷಣೆ ಇಲ್ಲ. ತನಗೂ ಇನ್ನೊಬ್ಬನಿಗೂ ಸೇರಿದ ಸ್ವತ್ತನ್ನು ಕೆಡಿಸಿದರೂ ಮಿಸ್ಚೀಫ್ ಆಗುತ್ತದೆ ಎಂದು ಕಲಮಿನ ವಿವರಣೆಯೇ ಹೇಳುತ್ತದೆ. ಅದಕ್ಕೆ ಐಪಿಸಿ ಕೊಟ್ಟಿದ್ದ ಉದಾಹರಣೆ ಒಂದು ಕುದುರೆಯದು. ಇಬ್ಬರಿಗೂ ಸೇರಿದ ಕುದುರೆ, ಪಾಲುದಾರನಿಗೆ ನಷ್ಟವಾಗಲೆಂದು ಒಬ್ಬ ಅದಕ್ಕೆ ಗುಂಡು ಹೊಡೆಯುತ್ತಾನೆ. ಕುದುರೆಯಲ್ಲಿ ಅವನಿಗೂ ಪಾಲಿತ್ತು ಎನ್ನುವುದು ಅವನನ್ನು ಉಳಿಸುವುದಿಲ್ಲ. ದಾಯಾದಿ ಜಗಳಗಳಲ್ಲಿ ಈ ವಿವರಣೆಯನ್ನು ಓದಿ ತೋರಿಸುವವರು ಕಡಿಮೆ. ಕಾನೂನಿಗೆ ತೀರ ಹತ್ತಿರದವರ ಸಿಟ್ಟಿನ ಪರಿಚಯ ಚೆನ್ನಾಗಿಯೇ ಇತ್ತು.

‘ಸಿವಿಲ್’ ಎಂಬ ಹಿಂಬರಹಕ್ಕೂ ಉತ್ತರವಿದೆ. ಇಂಡಿಯನ್ ಆಯಿಲ್ ಕಾರ್ಪೊರೇಷನ್ ಮತ್ತು ಎನ್‌ಇಪಿಸಿ ಇಂಡಿಯಾ ನಡುವಿನ 2006ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಪರಿಶೀಲಿಸಿತು. ಇಂಧನದ ಬಾಕಿಗೆ ಅಡಮಾನವಾಗಿದ್ದ ವಿಮಾನಗಳಿಂದ ಎಂಜಿನ್ ಬಿಚ್ಚಿ ಒಯ್ದರು ಎಂಬುದು ದೂರು. ಸಿವಿಲ್ ವ್ಯಾಜ್ಯಗಳಿಗೆ ಕ್ರಿಮಿನಲ್ ಬಣ್ಣ ಬಳಿಯುವ ಚಾಳಿಯನ್ನು ಕೋರ್ಟು ಖಂಡಿಸಿತು, ಅದು ನಿಜ. ಅದೇ ತೀರ್ಪಿನಲ್ಲಿ, ಒಂದೇ ಸಂಗತಿ ಸಿವಿಲ್ ಹಕ್ಕಿನ ಪ್ರಶ್ನೆಯೂ ಅಪರಾಧವೂ ಆಗಿರಬಹುದು, ಸಿವಿಲ್ ಪರಿಹಾರವಿದೆ ಎಂಬ ಕಾರಣಕ್ಕೆ ಕ್ರಿಮಿನಲ್ ದೂರನ್ನು ತಳ್ಳಿಹಾಕುವಂತಿಲ್ಲ ಎಂದೂ ಹೇಳಿ, ಮಿಸ್ಚೀಫ್ ಆರೋಪ ಮುಂದುವರಿಯಲು ಬಿಟ್ಟಿತು. ಗಡಿ ಯಾರದು ಎಂಬುದು ಸಿವಿಲ್. ಮಚ್ಚು ಹಿಡಿದು ಬಂದದ್ದು ಅಲ್ಲ.

ಹೊಸ ಅರ್ಜಿಗೂ ಠಾಣೆ ಮಣಿಯದಿದ್ದರೆ ಅದನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಮೇಲೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಹಿತ ಅರ್ಜಿ ಹಾಕಿ ತನಿಖೆಗೆ ಆದೇಶ ಪಡೆಯಬಹುದು. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಹೊಸ ಕಾನೂನಿನಲ್ಲಿ ಒಂದು ಸಡಿಲ ಇದೆ: 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ನಿಮ್ಮ ಕೇಸಿನ 5 ವರ್ಷದ ಕಲಂಗಳು ಇದರೊಳಗೆ ಬರುತ್ತವೆ. ‘ವಿಚಾರಣೆ ನಡೀತಿದೆ’ ಎಂದರೆ ಯಾವ ದಿನದಿಂದ ಎಂದು ಲಿಖಿತವಾಗಿ ಕೇಳಿ.

ಬರೀ ‘ಎನ್‌ಸಿ’ ಎಂದು ದಾಖಲಿಸಿದರೆ ಇನ್ನೊಂದು ಎಚ್ಚರಿಕೆ. ಠಾಣೆಯವರು ಮ್ಯಾಜಿಸ್ಟ್ರೇಟರಿಗೆ ಮನವಿ ಕಳಿಸಿ, ಅದರ ಮೂಲೆಯಲ್ಲಿ ‘ಪರ್ಮಿಟೆಡ್’ ಎಂಬ ಒಂದೇ ಪದದ ಅನುಮತಿ ತಂದು ತನಿಖೆ ನಡೆಸುವುದು ನಮ್ಮಲ್ಲಿ ರೂಢಿಯಾಗಿತ್ತು. ಮ್ಯಾಜಿಸ್ಟ್ರೇಟರು ವಿವೇಚನೆ ಬಳಸಿ ಆದೇಶ ಮಾಡಿಲ್ಲ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಇಂಥ ಕೇಸುಗಳನ್ನು ಮತ್ತೆ ಮತ್ತೆ ರದ್ದುಪಡಿಸಿದೆ. ಗೆದ್ದ ಕೇಸೂ ಕೊನೆಗೆ ಈ ತಾಂತ್ರಿಕ ದೋಷಕ್ಕೆ ಬಲಿಯಾಗಬಾರದು.

ಶಿಕ್ಷೆಯ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ನಿಮ್ಮ ಕೇಸಿಗೆ ನಾನು ಹೇಳಿದ ನ್ಯಾಯ ಸಂಹಿತೆಯ ಕಲಂಗಳೆಲ್ಲ ಜಾಮೀನು ಸಿಗುವಂಥವು. ನೋಟಿಸು ಕೊಟ್ಟು ಕರೆಸುತ್ತಾರೆ, ಜಾಮೀನಿನ ಮೇಲೆ ಕಳಿಸುತ್ತಾರೆ, ಮರುದಿನ ಅದೇ ಹೋಟೆಲ್ ಮುಂದೆ ನಿಮಗೆ ಎದುರಾಗುತ್ತಾನೆ. ಬಣವೆಗೆ ಬೆಂಕಿ ಇಟ್ಟಿದ್ದರೆ 7 ವರ್ಷ, ವಾಸದ ಮನೆಯನ್ನು ಸುಟ್ಟುಹಾಕಲು ಬೆಂಕಿ ಇಟ್ಟಿದ್ದರೆ ಜೀವಾವಧಿಯವರೆಗೂ ಹೋಗುತ್ತಿತ್ತು, ಸಸಿಗೆ ಅಷ್ಟಿಲ್ಲ. ಕಂಡ ಸಾಕ್ಷಿ ಇಲ್ಲದ ನಿಮ್ಮ ಕೇಸಿನಲ್ಲಿ ಹಿಂದಿನ ದಿನದ ಮಾತು ಒಂದೇ ಸಾಲದು. ಆ ರಾತ್ರಿ ಅವನ ಓಡಾಟ, ಆಯುಧ, ಕ್ಯಾಮೆರಾ, ಜೊತೆಗೆ ಬಂದಿರಬಹುದಾದ ಆಳು, ಇವುಗಳಲ್ಲಿ ಒಂದಾದರೂ ತನಿಖೆಯಲ್ಲಿ ಹೊರಬರಬೇಕು. ಒಬ್ಬನೇ ಒಂದು ರಾತ್ರಿಯಲ್ಲಿ ಕತ್ತಲಲ್ಲಿ 140 ಸಸಿ ಕಡಿದು, ಪೈಪು ಕೊಯ್ದು, ಕಲ್ಲು ಕಿತ್ತನೆಂದು ನನಗನಿಸುವುದಿಲ್ಲ. ತನಿಖಾಧಿಕಾರಿಗೆ ಈ ಮಾತನ್ನು ಹೇಳಿ.

ಪರಿಹಾರ ನಿಜವಾಗಿ ಬೇಕೆಂದರೆ ಸಿವಿಲ್ ದಾವೆಯೇ ದಾರಿ. ಕ್ರಿಮಿನಲ್ ಕೋರ್ಟು ದಂಡದಿಂದ ಪರಿಹಾರ ಕೊಡಿಸಬಹುದು, ಆದರೆ ಅಪರಾಧ ಸಾಬೀತಾದ ಮೇಲೆ, ಅದೂ ವರ್ಷಗಳ ನಂತರ. ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ಪರಿಹಾರವನ್ನೂ, ಅವನು ಮತ್ತೆ ತೋಟಕ್ಕೆ ಕಾಲಿಡದಂತೆ ಶಾಶ್ವತ ನಿರ್ಬಂಧಕಾಜ್ಞೆಯನ್ನೂ ಒಂದೇ ದಾವೆಯಲ್ಲಿ ಕೇಳಿ. ಘಟನೆಯಿಂದ 3 ವರ್ಷದೊಳಗೆ ಹಾಕಬೇಕು. ಅಲ್ಲಿ ಸಾಕ್ಷ್ಯದ ಮಟ್ಟ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಅನುಮಾನದ ಲಾಭ ಪಡೆದು ಬಿಡುಗಡೆಯಾದವನೂ ಇಲ್ಲಿ ಹಣ ಕಟ್ಟಬೇಕಾಗಿ ಬರಬಹುದು. ಅದಕ್ಕೆ ಮೊದಲು ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆಸಿ ಗುರುತಿಸುವುದಕ್ಕೆ, ಅರ್ಜಿ ಕೊಟ್ಟು, ಅವನಿಗೂ ನೋಟಿಸ್ ಹೋಗುವಂತೆ ನೋಡಿ, ಕಲ್ಲನ್ನು ಸರ್ವೆಯರ್ ಕೈಯಿಂದಲೇ ಮತ್ತೆ ನೆಡಿಸಿ. ನೀವಾಗಿ ನೆಡಲು ಹೋಗಬೇಡಿ, ಹೊಸ ಜಗಳಕ್ಕೆ ಅಷ್ಟೇ ಸಾಕು. ಜಗಳ ಬಲಿತರೆ ಪೊಲೀಸರು ಶಾಂತಿ ಕಾಪಾಡುವ ಮುಚ್ಚಳಿಕೆಗೆಂದು ತಹಶೀಲ್ದಾರ್ ಮುಂದೆ ಎರಡೂ ಕಡೆಯವರನ್ನು ನಿಲ್ಲಿಸುತ್ತಾರೆ. ಹಳಬರು ‘107 ಹಾಕಿದರು’ ಅನ್ನುವುದು ಇದನ್ನೇ, ಹಳೆಯ ಸಿಆರ್‌ಪಿಸಿಯ ಆ ಕಲಂ ಈಗ ನಾಗರಿಕ ಸುರಕ್ಷಾ ಸಂಹಿತೆಯ 126.

ರಾಜಿಯ ಮಾತು ಬರಬಹುದು, ಬಂದೇ ಬರುತ್ತದೆ. ಖಾಸಗಿ ವ್ಯಕ್ತಿಗೆ ಮಾತ್ರ ನಷ್ಟವಾದ ಸಣ್ಣ ಮೊತ್ತದ ಮಿಸ್ಚೀಫ್ ಕೇಸುಗಳನ್ನು ರಾಜಿಯಲ್ಲಿ ಮುಗಿಸಲು ಕಾನೂನೇ ಅವಕಾಶ ಕೊಟ್ಟಿದೆ. ನನ್ನನ್ನು ಕೇಳಿದರೆ, ಗಡಿಯನ್ನು ಒಪ್ಪಿ ಸಹಿ ಹಾಕಿ, ನಷ್ಟದ ಹಣವನ್ನು ಕೈಗಿಟ್ಟರೆ ಒಪ್ಪಿಕೊಳ್ಳಿ. ಹಿರಿಯರ ಮುಂದೆ ಕೈಮುಗಿದು ‘ತಪ್ಪಾಯ್ತು’ ಅಂದದ್ದಕ್ಕೆ ಮಾತ್ರ ಕೇಸು ಹಿಂತೆಗೆದುಕೊಳ್ಳಬೇಡಿ.

ಇನ್ನು ಮರುನಾಟಿ. ಕಡಿದ ಸಸಿಗಳನ್ನು ಕೇಸು ಮುಗಿಯುವವರೆಗೂ ಹಾಗೇ ಬಿಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಪೊಲೀಸರ ಸ್ಥಳ ಮಹಜರು ಮತ್ತು ತೋಟಗಾರಿಕೆಯವರ ಭೇಟಿ ಎರಡೂ ಮುಗಿಯುವವರೆಗೆ ಮಾತ್ರ ಕಾಯಿರಿ. ಮಹಜರಿನಲ್ಲಿ 140 ಎಂಬ ಸಂಖ್ಯೆ, ಪೈಪು ತುಂಡಾದ ಜಾಗಗಳು, ಕಲ್ಲು ಇದ್ದ ಕುಳಿ ಬರೆದಿದ್ದಾರೆಯೇ ಎಂದು ಓದಿಸಿಕೊಂಡೇ ಸಹಿ ಹಾಕಿ. ಪಂಚರಾಗಿ, ಅಂದರೆ ಮಹಜರಿನ ಸಾಕ್ಷಿಗಳಾಗಿ, ನಿಮ್ಮ ಮನೆಯವರನ್ನು ನಿಲ್ಲಿಸಬೇಡಿ. ಕೊಯ್ದ ಪೈಪಿನ ತುಂಡುಗಳನ್ನೂ ಒಂದೆರಡು ಕಡಿದ ಸಸಿಯನ್ನೂ ಪೊಲೀಸರೇ ಮಹಜರಿನಲ್ಲಿ ವಶಕ್ಕೆ ತೆಗೆದುಕೊಳ್ಳಲಿ. ಠಾಣೆಯವರು ಬರುವುದು ತಡವಾಗುತ್ತಿದೆ, ಮಳೆ ಕಾಯುವುದಿಲ್ಲ ಎಂದಾದರೆ, ಇಂಥ ದಿನ ಮರುನಾಟಿ ಮಾಡುತ್ತೇನೆ, ಅಷ್ಟರೊಳಗೆ ಮಹಜರು ಮಾಡಿಕೊಳ್ಳಿ ಎಂದು ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದು, ತೋಟವನ್ನು ವಿಡಿಯೋ ಮಾಡಿಟ್ಟು ಕೆಲಸ ಶುರು ಮಾಡಿ. ಹೊಸ ಸಸಿಯ, ಪೈಪಿನ ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ, ಸಿವಿಲ್ ದಾವೆಯಲ್ಲಿ ನಷ್ಟದ ಲೆಕ್ಕಕ್ಕೆ ಅವು ಬೇಕಾಗುತ್ತವೆ.